ಸತುವಿನ ಹಲವು ಹೆಸರುಗಳು: ಬೀಜಕದಲ್ಲಿ ಇರಬೇಕಾದ ಎಚ್ಚರ

ಸರಕಿನ ಹೆಸರೇ ವ್ಯಾಪಾರದ ಮೊದಲ ಕರಾರು. ಹೆಸರು ತಪ್ಪಿದರೆ ದರ, ತೆರಿಗೆ, ಗುಣಮಟ್ಟ ಮೂರೂ ತಪ್ಪುತ್ತವೆ. ಲೋಹಗಳ ವ್ಯವಹಾರದಲ್ಲಿ ಈ ಮಾತಿಗೆ ಸತುವಿಗಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಲೇಪಿಸಲು, ಹಿತ್ತಾಳೆಯ ತಯಾರಿಕೆಗೆ, ಡೈಕಾಸ್ಟಿಂಗ್ ಬಿಡಿಭಾಗಗಳಿಗೆ ನಿತ್ಯವೂ ಬಳಕೆಯಾಗುವ ಈ ಲೋಹಕ್ಕೆ ಭಾಷೆಗೊಂದು ಹೆಸರಿದೆ. ಅಷ್ಟೇ ಅಲ್ಲ, ಅವುಗಳಲ್ಲಿ ಕೆಲವು ಸೀಸ ಮತ್ತು ತವರಗಳ ಹೆಸರುಗಳೊಡನೆ ಬೆರೆತುಹೋಗಿವೆ.

ತಡವಾಗಿ ಬಂದ ಲೋಹ

ಇದರ ಕಾರಣ ಲೋಹದ ಗುಣದಲ್ಲಿಯೇ ಇದೆ. ಸತು 907 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಅದಿರನ್ನು ಇದ್ದಿಲಿನೊಡನೆ ಕಾಯಿಸಿದಾಗ ಲೋಹವು ಆವಿಯಾಗಿ ಹೊರಬರುತ್ತದೆ. ಗಾಳಿ ತಾಗಿದರೆ ಬಿಳಿಯ ಪುಡಿಯಾಗುತ್ತದೆ. ಆದುದರಿಂದ ಸೀಸ, ತವರಗಳನ್ನು ಸಾವಿರಾರು ವರ್ಷಗಳಿಂದ ಬಲ್ಲವರಿಗೂ ಅಪ್ಪಟ ಸತು ಬಹುಕಾಲ ಕೈಗೆಟುಕಲಿಲ್ಲ. ರಾಜಸ್ಥಾನದ ಉದಯಪುರದ ಸಮೀಪದ ಜಾವರ್‌ನಲ್ಲಿ ಮಣ್ಣಿನ ಮೂಸೆಗಳಿಂದ ಆವಿಯನ್ನು ಕೆಳಮುಖವಾಗಿ ಇಳಿಸಿ ತಂಪುಗೊಳಿಸುವ ವಿಧಾನವು ಮಧ್ಯಯುಗದಲ್ಲಿಯೇ ಕೈಗಾರಿಕೆಯಾಗಿ ಬೆಳೆದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಹೀಗೆ ತಡವಾಗಿ ಬಂದ ಲೋಹವು ಹಲವೆಡೆ ಹಳೆಯ ಲೋಹಗಳ ಹೆಸರನ್ನೇ ಎರವಲು ಪಡೆಯಿತು.

ಎರವಲು ಹೆಸರುಗಳು

ಜಪಾನೀಯರು ಸತುವನ್ನು ‘ಆಎನ್’ ಎನ್ನುತ್ತಾರೆ. ಅಕ್ಷರಶಃ ‘ಸೀಸದ ನಂತರದ್ದು’ ಎಂದರ್ಥ. 1637ರ ಒಂದು ಚೀನೀ ತಾಂತ್ರಿಕ ಗ್ರಂಥದಲ್ಲಿಯೂ ಇದು ಸೀಸದ ಒಂದು ಬಗೆಯೆಂಬ ಹೆಸರಿನಿಂದಲೇ ಕಾಣಿಸಿಕೊಂಡಿದೆ. ಗ್ರೀಕರಿಗೆ ಇದು ‘ಸುಳ್ಳು ಬೆಳ್ಳಿ’. ಜರ್ಮನ್ ಭಾಷೆಯಲ್ಲಿ ‘ತ್ಸಿಂಕ್’ ಎಂದರೆ ಸತು, ‘ತ್ಸಿನ್’ ಎಂದರೆ ತವರ. ಪೋಲಿಷ್ ಭಾಷೆಯಲ್ಲಿ ಸತು ‘ತ್ಸಿಂಕ್’, ತವರ ‘ತ್ಸಿನಾ’. ರಷ್ಯನ್ನರ ‘ಒಲೊವೊ’ ತವರವಾದರೆ, ಜೆಕ್ ಜನರ ‘ಒಲೊವೊ’ ಸೀಸ.

ನಮ್ಮ ನೆರೆಹೊರೆಯಲ್ಲಿಯೂ ಇದೇ ಸ್ಥಿತಿ. ಹಿಂದಿಯ ‘ಜಸ್ತಾ’, ಮರಾಠಿಯ ‘ಜಸ್ತ’, ಸಂಸ್ಕೃತದ ‘ಯಶದ’ ಒಂದೇ ಬಳಗದವು, ಅಲ್ಲಿ ಗೊಂದಲವಿಲ್ಲ. ಆದರೆ ತಮಿಳಿನಲ್ಲಿ ಸತು ‘ತುತ್ತನಾಗಂ’, ತೆಲುಗಿನಲ್ಲಿ ‘ತುತ್ತುನಾಗಂ’, ಮಲಯಾಳದಲ್ಲಿ ‘ನಾಕಂ’. ಆಯುರ್ವೇದದ ‘ನಾಗ’ವಾದರೋ ಸೀಸ, ಸತುವಿನಿಂದ ಸಿದ್ಧವಾಗುವುದು ಯಶದಭಸ್ಮ, ಸೀಸದಿಂದ ಸಿದ್ಧವಾಗುವುದು ನಾಗಭಸ್ಮ. ಔಷಧ ತಯಾರಕರು ಬೇಡಿಕೆ ಪತ್ರದಲ್ಲಿ ಬರಿಯ ‘ನಾಗ’ ಎಂದು ಬರೆದರೆ ಯಾವ ಲೋಹ ಬರುವುದೆಂಬುದು ಮಾರುವವರ ಭಾಷೆಯನ್ನು ಅವಲಂಬಿಸುತ್ತದೆ.

ಪಾತ್ರೆಯ ವ್ಯಾಪಾರದಲ್ಲಿ ಅಪಾಯ ಇನ್ನೂ ಹೆಚ್ಚು. ಸಾರಿಗೆ ಬಳಸುವ ತಮಿಳುನಾಡಿನ ‘ಈಯ ಚೊಂಬು’ ತವರದ್ದಾಗಿರಬೇಕು. ಆದರೆ ಇಂದಿನ ತಮಿಳಿನಲ್ಲಿ ‘ಈಯಂ’ ಎಂದರೆ ಸೀಸ. ಅಡುಗೆಯ ಪಾತ್ರೆಗೆ ಸೀಸ ಸೇರಿದರೆ ಅದು ವಿಷ. ಹುಳಿ ಪದಾರ್ಥದಲ್ಲಿ ಕರಗುವ ಸತುವೂ ಅಡುಗೆಗೆ ಸಲ್ಲದು. ಇನ್ನು ‘ಟಿನ್ ಶೀಟ್’ ಎಂದು ಮಾರಾಟವಾಗುವ ಚಾವಣಿಯ ತಗಡಿಗೆ ಸಾಮಾನ್ಯವಾಗಿ ಇರುವುದು ಸತುವಿನ ಲೇಪ. ಹೆಸರಿನಲ್ಲಿರುವ ತವರ ಸತುವಿಗಿಂತ ಹಲವು ಪಟ್ಟು ದುಬಾರಿ.

ಸಂಕೇತವೇ ಆಧಾರ

ಭಾಷೆಗಳ ಈ ಭೇದವನ್ನು ದಾಟುವ ದಾರಿಗಳು ಎರಡು. ಮೊದಲನೆಯದು, ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಪದ್ಧತಿಯ ಸಂಕೇತಗಳು: ಸತುವಿಗೆ ‘ಝಡ್‌ಎನ್’, ಸೀಸಕ್ಕೆ ‘ಪಿಬಿ’, ತವರಕ್ಕೆ ‘ಎಸ್‌ಎನ್’. ಎರಡನೆಯದು, 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿಯೂ ಬಳಕೆಯಾಗುವ ಎಚ್‌ಎಸ್‌ಎನ್ ಸಂಖ್ಯೆ. ಕಚ್ಚಾ ಗಟ್ಟಿಯ ರೂಪದಲ್ಲಿ ಸೀಸಕ್ಕೆ 7801, ಸತುವಿಗೆ 7901, ತವರಕ್ಕೆ 8001. ಸತು ಲೇಪಿತ ಉಕ್ಕಿನ ತಗಡು ಸತುವಿನ ಅಧ್ಯಾಯಕ್ಕೆ ಸೇರದೆ ಉಕ್ಕಿನ 72ನೆಯ ಅಧ್ಯಾಯದಲ್ಲಿಯೇ ಬರುತ್ತದೆ.

ಬೇಡಿಕೆ ಪತ್ರ ಹಾಗೂ ಬೀಜಕಗಳಲ್ಲಿ ರೂಢಿಯ ಹೆಸರಿನ ಜೊತೆಗೆ ರಾಸಾಯನಿಕ ಸಂಕೇತ, ಶುದ್ಧತೆಯ ಶೇಕಡಾ ಪ್ರಮಾಣ ಮತ್ತು ಎಚ್‌ಎಸ್‌ಎನ್ ಸಂಖ್ಯೆಗಳನ್ನು ನಮೂದಿಸುವುದು ಕ್ಷೇಮಕರ. ಸರಕು ಕೈಸೇರಿದ ಮೇಲೆ ಸಂಶಯ ಉಳಿದರೆ ಕರಗುವ ಉಷ್ಣತೆಯೇ ಸಾಕ್ಷಿ ನುಡಿಯುತ್ತದೆ: ಶುದ್ಧ ತವರ 232, ಸೀಸ 327, ಸತು 419 ಡಿಗ್ರಿಗಳಲ್ಲಿ ಕರಗುತ್ತವೆ. ಮಾತು ಊರಿಂದೂರಿಗೆ ಬದಲಾದರೂ ಮೂಸೆಯ ಲೆಕ್ಕ ಬದಲಾಗದು.