ನಮ್ಮ ಕೂಸು ಯಾವಾಗ ನಡೀತೈತಿ?

‘ಬಾಜೂ ಮನಿ ಕೂಸು ಹತ್ತು ತಿಂಗಳಿಗೇ ನಡೀತು.
ನಮ್ಮದ್ಯಾಕ ಇನ್ನೂ ನಡೀವಲ್ದು?’
ಗಂಗಾವತಿಯಿಂದ ಕುಷ್ಟಗಿವರೆಗೂ ಹೊಸ ತಾಯಂದಿರ ಚಿಂತೆ ಇದೇ.

ಉತ್ತರಕ್ಕೆ ದಪ್ಪ ಪುಸ್ತಕ ಬೇಕಿಲ್ಲ.
ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಮನೆಯಲ್ಲೇ ಇದೆ.
ಪಾಪ, ಚುಚ್ಚುಮದ್ದಿನ ದಿನವಷ್ಟೇ ಅದು ಹೊರಬರುತ್ತದೆ!
ಬಿಚ್ಚಿ ನೋಡಿ.
ಯಾವ ವಯಸ್ಸಿಗೆ ಮಗು ಏನು ಮಾಡುತ್ತದೆ ಎಂಬ ಚಿತ್ರಗಳಿವೆ.
ತೂಕದ ನಕ್ಷೆಯೂ ಇದೆ, ಹೆಣ್ಣಿಗೆ ಬೇರೆ, ಗಂಡಿಗೆ ಬೇರೆ.

ಆದರೆ ಒಂದೇ ದಿನ ಬಿತ್ತಿದ ಜೋಳವೆಲ್ಲ
ಒಂದೇ ದಿನ ತೆನೆ ಬಿಡುತ್ತದೆಯೇ?

ಭಾರತವೂ ಸೇರಿ 5 ದೇಶಗಳ ಮಕ್ಕಳನ್ನು ಗಮನಿಸಿ
ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿತು:
ಆರೋಗ್ಯವಂತ ಮಗು ತಾನಾಗಿ ನಡೆಯುವುದು
8 ತಿಂಗಳಿಗೂ ಆಗಬಹುದು, 17ಕ್ಕೂ ಆಗಬಹುದು.

18 ತುಂಬಿದರೂ ನಡೆಯದಿದ್ದರೆ,
ಕಲಿತದ್ದನ್ನೇ ಮರೆತರೆ,
ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಗೋ, ಕೊಪ್ಪಳದ ಜಿಲ್ಲಾಸ್ಪತ್ರೆಗೋ ತೋರಿಸಿ.
ಕಾರ್ಡ್ ಜೊತೆಗಿರಲಿ.