ಕಾರಾಪುರ: ಸಫಾರಿ ಲಾಭ ಒಬ್ಬರಿಗೆ, ಆನೆ ಕಾಟ ಇನ್ನೊಬ್ಬರಿಗೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಇವತ್ತಿನ ಹೆಸರು ತಂದಿದ್ದು ನಾಗರಹೊಳೆ ಕಾಡಷ್ಟೇ ಅಲ್ಲ, ಬೀಚನಹಳ್ಳಿಯ ಕಬಿನಿ ಅಣೆಕಟ್ಟೂ ಹೌದು. 1970ರ ದಶಕದಲ್ಲಿ ಕಬಿನಿ ಜಲಾಶಯ ತುಂಬಿ ಹಳ್ಳಿಗಳೂ ಕಾಡೂ ಮುಳುಗಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಬಯಲಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಅದನ್ನು ನೋಡಲು ಜನ ಬಂದರು. ಮಹಾರಾಜರ ಬೇಟೆ ಬಂಗಲೆಯಿದ್ದ ಜಾಗದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಬಾಗಿಲು ತೆರೆಯಿತು. ಖಾಸಗಿ ರೆಸಾರ್ಟ್‌ಗಳು ಬೆನ್ನಿಗೇ ಬಂದವು.

ಇದರಿಂದ ಊರಿಗೆ ಏನೂ ಸಿಕ್ಕಿಲ್ಲ ಎನ್ನುವುದು ಸುಳ್ಳು. ಹಾಡಿಗಳ ಜೇನುಕುರುಬರು, ಕಾಡುಕುರುಬರು ಕೂಲಿಗಾಗಿ ಕೊಡಗಿನ ಕಾಫಿ ತೋಟಕ್ಕೋ ಶುಂಠಿ ಹೊಲಕ್ಕೋ ಹೋಗುವ ಸೀಮೆಯಿದು. ಮನೆಯ ಹತ್ತಿರವೇ ತಿಂಗಳ ಸಂಬಳ ಸಿಕ್ಕರೆ ಅದು ಸಣ್ಣ ಮಾತಲ್ಲ. ಆದರೆ ಸಂಬಳ ಬೇರೆ, ಪಾಲು ಬೇರೆ. ನೀರಿನಂಚಿನ ಜಮೀನು ಒಮ್ಮೆ ಮಾರಿದವನಿಗೆ ಮುಂದೆ ಏರುವ ಬೆಲೆಯಲ್ಲಿ ಏನೂ ಇಲ್ಲ. ಉಳಿಯುವುದು ಡ್ರೈವರ್, ಮಾಲಿ, ಅಡುಗೆಮನೆಯ ಕೆಲಸ. ನಷ್ಟದ ಲೆಕ್ಕವಂತೂ ಪೂರ್ತಿ ಊರಿನದೇ. ರಾಗಿ ತೆನೆ ಬಿಟ್ಟಾಗ ರೈತ ಅಟ್ಟಣೆ ಹತ್ತಿ, ಕೈಯಲ್ಲಿ ಬ್ಯಾಟರಿ ಹಿಡಿದು ರಾತ್ರಿಯಿಡೀ ಆನೆ ಕಾಯುತ್ತಾನೆ. ಬೆಳಗಾದರೆ ಅದೇ ಆನೆಯನ್ನು ಜೀಪಿನಿಂದ ತೋರಿಸಿ ದುಡ್ಡು ಎಣಿಸುವವರು ಬೇರೆಯವರು.

ಹಾಗಾದರೆ ಸಫಾರಿಯನ್ನೇ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿತು ಕೂಡ. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಸಫಾರಿ ನಿಂತರೆ ಮೊದಲ ಪೆಟ್ಟು ಬೀಳುವುದು ಮಾಲೀಕನಿಗಲ್ಲ, ಅವನ ಡ್ರೈವರಿಗೆ. ಇನ್ನು ಕೆಲವರು ಉದ್ದಿಮೆಗೆ ಷರತ್ತು ಹಾಕಿದರೆ ಬಂಡವಾಳ ಓಡಿಹೋಗುತ್ತದೆ ಎನ್ನುತ್ತಾರೆ. ಓಡಿ ಎಲ್ಲಿಗೆ ಹೋದೀತು? ಕಬಿನಿಯ ಆನೆ ಬೇರೆಡೆ ಸಿಗದು. ನಾಗರಹೊಳೆಯ ಮುರ್ಕಲ್‌ನಲ್ಲಿ ಕಾಡಿನೊಳಗೆ ಬರಬೇಕಿದ್ದ ದೊಡ್ಡ ಹೋಟೆಲ್ ಆದಿವಾಸಿಗಳ ಹೋರಾಟದಿಂದಾಗಿ 1997ರಲ್ಲಿ ಹೈಕೋರ್ಟಿನಲ್ಲಿ ಸೋತಿತು. ಅದರಿಂದ ಈ ಸೀಮೆಯ ಪ್ರವಾಸೋದ್ಯಮವೇನೂ ಬಡವಾಗಲಿಲ್ಲ.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ರೆಸಾರ್ಟ್‌ಗಳಿಂದ ಸಂರಕ್ಷಣಾ ಶುಲ್ಕ ವಸೂಲು ಮಾಡಿ ಸ್ಥಳೀಯರ ಬದುಕಿಗೂ ಕಾಡಿನ ರಕ್ಷಣೆಗೂ ಬಳಸಿ ಎಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯೇ ಹೇಳುತ್ತದೆ. ಆ ಹಣ ಎಷ್ಟು ಬಂತು, ಯಾವ ಊರಿನ ಬೇಲಿಗೆ, ಯಾವ ಬೆಳೆ ಪರಿಹಾರಕ್ಕೆ ಹೋಯಿತು ಎಂಬುದನ್ನು ಸರ್ಕಾರ ಪ್ರತಿವರ್ಷ ಗ್ರಾಮಸಭೆಯ ಮುಂದಿಡಲಿ.