ಹೊರ್ತಿ ಸೀಮೆಯಲ್ಲಿ ಅಲ್ಪ ಬಂಡವಾಳದ ಹೈನು: ಹೊಸದಾಗಿ ತೊಡಗುವವರಿಗೆ ಸೂಚನೆಗಳು

ಇಂಡಿ ತಾಲ್ಲೂಕಿನ ಹೊರ್ತಿಯು ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಗ್ರಾಮ. ಈ ಸೀಮೆಯಲ್ಲಿ ಮಳೆ ಕಡಿಮೆ, ಬರುವುದೂ ನಂಬತಕ್ಕದ್ದಲ್ಲ. ಬೆಳೆ ಕೈಕೊಟ್ಟ ವರ್ಷ ಅನೇಕರು ದುಡಿಮೆಯನ್ನರಸಿ ಮಹಾರಾಷ್ಟ್ರ, ಗೋವೆಗಳಿಗೆ ಗುಳೆ ಹೋಗುವುದುಂಟು. ಪರಸ್ಥಳದ ಕೂಲಿಯನ್ನಾಗಲಿ, ಅಂಗಡಿಯ ಚಾಕರಿಯನ್ನಾಗಲಿ ಬಿಟ್ಟು ಊರಿನಲ್ಲಿಯೇ ಹೈನಿನಿಂದ ಜೀವಿಸಬೇಕೆಂದಿರುವವರಿಗೆ ಈ ಸೂಚನೆಗಳು ಉಪಯುಕ್ತವಾಗಬಹುದು.

1. ಮೊದಲು ಲೆಕ್ಕ

ಹೊಸಬರು ಮೋಸಹೋಗುವುದು ಲೆಕ್ಕದಲ್ಲಿ. ಎಮ್ಮೆಯು ಈದ ಹೊಸತರಲ್ಲಿ ದಿನಕ್ಕೆ 6 ಲೀಟರು ಕೊಟ್ಟರೆ ವರ್ಷವೆಲ್ಲ ಅಷ್ಟೇ ಬರುವುದೆಂದು ಎಣಿಸುತ್ತಾರೆ. ಆ ಎಮ್ಮೆಯು 300 ದಿನಗಳಲ್ಲಿ ಒಟ್ಟು 1,500 ಲೀಟರು ಕರೆದು, ಮುಂದಿನ ಈತಕ್ಕೆ 15 ತಿಂಗಳು ತೆಗೆದುಕೊಂಡಿತೆನ್ನೋಣ. 450 ದಿನಗಳಿಗೆ ಹಂಚಿದರೆ ಸರಾಸರಿ ಬರುವುದು ದಿನಕ್ಕೆ ಸುಮಾರು 3⅓ ಲೀಟರು ಮಾತ್ರ. ಬತ್ತಿದ ದಿನಗಳಲ್ಲಿಯೂ ಮೇವು ಹಾಕಲೇಬೇಕು. ಆದುದರಿಂದ ಎರಡು ರಾಸುಗಳಿಂದ ಆರಂಭಿಸತಕ್ಕದ್ದು. ಎರಡನೆಯದನ್ನು ಐದಾರು ತಿಂಗಳ ತರುವಾಯ ಕೊಂಡರೆ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುವುದು. ಒಂದು ಈತದ ಜಮಾಖರ್ಚನ್ನು ಪೂರ್ತಿ ಬರೆದು ನೋಡುವವರೆಗೆ ಮನೆಯವರಲ್ಲಿ ಒಬ್ಬರ ದುಡಿಮೆಯನ್ನಾದರೂ ಬಿಡಿಸಬಾರದು. ಹೊಲವನ್ನು ಒತ್ತೆಯಿಟ್ಟು ಹತ್ತು ಎಮ್ಮೆ ಕಟ್ಟುವುದು ಉದ್ಯೋಗವಲ್ಲ, ಜೂಜು.

2. ರಾಸುಗಳ ಆಯ್ಕೆ

ಈ ಭಾಗದ ಖಿಲಾರಿ ದನಗಳು ಉಳುಮೆಗೂ ಬಂಡಿಗೂ ಹೆಸರಾದವು. ಹಾಲಿಗಾಗಿ ಅವನ್ನು ಕೊಳ್ಳುವುದು ಸರಿಯಲ್ಲ. ನೆರೆಯ ಸೊಲ್ಲಾಪುರ ಜಿಲ್ಲೆಯ ಪಂಢರಪುರಿ ಎಮ್ಮೆಯು ಇಲ್ಲಿಯ ಬಿಸಿಲಿಗೂ ಒಣಮೇವಿಗೂ ಹೊಂದಿಕೊಂಡಿದೆ. ಎರಡನೆಯ ಅಥವಾ ಮೂರನೆಯ ಸೂಲಿನದನ್ನು ಆರಿಸತಕ್ಕದ್ದು. ಮಾರುವವನ ಮಾತಿನ ಮೇಲೆ ಕೊಳ್ಳದೆ, ಸತತ ಮೂರು ಹೊತ್ತು ಎದುರಿನಲ್ಲಿಯೇ ಕರೆಯಿಸಿ ಅಳೆಯಬೇಕು. ಮೊದಲ ಹೊತ್ತಿನ ಹಾಲು ಹಿಂದಿನ ಹೊತ್ತು ಕರೆಯದೆ ಬಿಟ್ಟದ್ದಾಗಿರಬಹುದು. ನಾಲ್ಕು ಮೊಲೆಗಳಲ್ಲಿಯೂ ಧಾರೆ ಸರಿಯಾಗಿರಬೇಕು.

3. ಮೇವು

ಹೈನಿನ ಖರ್ಚಿನಲ್ಲಿ ಬಹುಪಾಲು ಮೇವಿನದು. ಇಲ್ಲಿ ಜೋಳದ ಕಣಿಕೆ ದೊರೆಯುವುದೇ ದೊಡ್ಡ ಅನುಕೂಲ. ಸುಗ್ಗಿಯಲ್ಲಿಯೇ ವರ್ಷಕ್ಕಾಗುವಷ್ಟು ಬಣವೆ ಒಟ್ಟಿ, ಕತ್ತರಿಸಿ ಹಾಕಿದರೆ ವ್ಯರ್ಥವಾಗುವುದು ಕಡಿಮೆ. ನೀರಿದ್ದರೆ ಹತ್ತು ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲನ್ನೂ ಬದುವಿನಲ್ಲಿ ಅಗಸೆ, ಸುಬಾಬುಲ್ ಗಿಡಗಳನ್ನೂ ಬೆಳೆಯಬಹುದು. ಹಿಂಡಿ, ಹೊಟ್ಟು, ನುಚ್ಚುಗಳ ಮಿಶ್ರಣವನ್ನು ಎಮ್ಮೆಯ ಶರೀರಪೋಷಣೆಗೆ ಒಂದೂವರೆ ಕಿಲೋ, ಹಾಲಿನ ಪ್ರತಿ ಲೀಟರಿಗೆ ಅರ್ಧ ಕಿಲೋ ಮೇರೆಗೆ ಕೊಡತಕ್ಕದ್ದು: 6 ಲೀಟರಿನ ಎಮ್ಮೆಗೆ ನಾಲ್ಕೂವರೆ ಕಿಲೋ.

ಎಚ್ಚರಿಕೆ: ಎಳೆಯ ಜೋಳದ ಪೈರಿನಲ್ಲಿ, ವಿಶೇಷವಾಗಿ ಮಳೆಯಿಲ್ಲದೆ ಮುರುಟಿದ ಪೈರಿನಲ್ಲಿ, ವಿಷವುಂಟಾಗುತ್ತದೆ. ಅದನ್ನು ಮೇಯ್ದ ರಾಸು ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ಹೂ ಬಿಡುವ ಮುನ್ನ ಮೇಯಿಸಕೂಡದು.

4. ಕೊಟ್ಟಿಗೆ

ಆರಂಭದಲ್ಲಿ ಸಿಮೆಂಟಿನ ಕಟ್ಟಡಕ್ಕೆ ಹಣ ಹೂಡಬೇಕಾದುದಿಲ್ಲ. ಕಟ್ಟಡವು ಹಾಲು ಕರೆಯುವುದಿಲ್ಲ. ಪೂರ್ವ ಪಶ್ಚಿಮವಾಗಿ ಉದ್ದವಿರುವ ಚಪ್ಪರ, ಜಾರದ ಕಲ್ಲುನೆಲ, ಗಂಜಲ ಹರಿದುಹೋಗುವ ಇಳಿಜಾರು, ಬೇವಿನ ಮರದ ನೆರಳು ಸಾಕು. ಎಮ್ಮೆಯು ಬಿಸಿಲನ್ನು ತಾಳದು. ಬೇಸಿಗೆಯಲ್ಲಿ ಎರಡು ಬಾರಿ ಮೈತೊಳೆದು, ಬೇಕೆಂದಾಗಲೆಲ್ಲ ನೀರು ಕುಡಿಸಬೇಕು. ಬೇಸಿಗೆಯ ನೀರಿನ ಏರ್ಪಾಡಿಲ್ಲದವರು ಈ ಉದ್ಯೋಗಕ್ಕೆ ಕೈಹಾಕದಿರುವುದು ಲೇಸು.

5. ಕರುವೂ ರೋಗವೂ

ಹುಟ್ಟಿದ ಒಂದೆರಡು ಗಂಟೆಗಳೊಳಗೆ ಕರುವಿಗೆ ಗಿಣ್ಣದ ಹಾಲು ಕುಡಿಸಲೇಬೇಕು. ಹೆಣ್ಣುಗರುವೇ ಮುಂದಿನ ಬಂಡವಾಳ. ಅದನ್ನು ಉಪವಾಸ ಕೆಡವಿ ಮಾರುವ ಹಾಲು ಲಾಭವಲ್ಲ. ಕಾಲುಬಾಯಿ ಬೇನೆಗೆ ಆರು ತಿಂಗಳಿಗೊಮ್ಮೆಯೂ, ಗಳಲೆ ರೋಗಕ್ಕೆ ಮಳೆಗಾಲಕ್ಕೆ ಮುಂಚೆಯೂ ಲಸಿಕೆ ಹಾಕಿಸತಕ್ಕದ್ದು. ರಾಸಿನ ವಿಮೆಯನ್ನು ಕೊಂಡಾಗಲೇ ಮಾಡಿಸಬೇಕು.

6. ಮಾರಾಟ

ಕರ್ನಾಟಕದಲ್ಲಿ 1974ರಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆಯಿಂದ ಗ್ರಾಮದ ಸಂಘ, ಜಿಲ್ಲೆಗಳ ಒಕ್ಕೂಟ, ರಾಜ್ಯದ ಮಹಾಮಂಡಳಿ ಎಂಬ ಮೂರು ಹಂತದ ವ್ಯವಸ್ಥೆ ಬೆಳೆಯಿತು. ಸಂಘದಲ್ಲಿ ಜಿಡ್ಡನ್ನೂ ಇತರ ಘನಾಂಶವನ್ನೂ ನೋಡಿ ಬೆಲೆ ಕಟ್ಟುವುದರಿಂದ ನೀರು ಬೆರೆಸಿದವನು ತನಗೇ ನಷ್ಟ ತಂದುಕೊಳ್ಳುವನು. ಮನೆಮನೆಗೆ ಮಾರಿದರೆ ದರ ಹೆಚ್ಚು, ಸಾಲದ ಬಾಕಿಯೂ ಹೆಚ್ಚು. ಸ್ವಲ್ಪವನ್ನು ಅಲ್ಲಿಯೂ ಉಳಿದುದನ್ನು ಸಂಘಕ್ಕೂ ಹಾಕುವುದು ಕ್ಷೇಮ. ಸಗಣಿಯನ್ನು ಕುಳ್ಳಿಗೆ ಸುಡದೆ ತಿಪ್ಪೆಗೆ ಸೇರಿಸಿದರೆ ಹೊಲಕ್ಕೆ ಗೊಬ್ಬರವಾಗಿ ಮುಂದಿನ ವರ್ಷದ ಕಣಿಕೆಯೂ ಹೆಚ್ಚುವುದು.

ಹೈನಿಗೆ ಹಬ್ಬವಿಲ್ಲ, ರಜೆಯಿಲ್ಲ. ದಿನಕ್ಕೆರಡು ಹೊತ್ತು ತಪ್ಪದೆ ಕರೆಯಬೇಕು. ಇದಕ್ಕೆ ಮನೆಮಂದಿಯೆಲ್ಲ ಒಪ್ಪಿದ್ದರೆ ಮಾತ್ರ ತೊಡಗತಕ್ಕದ್ದು. ಎರಡು ರಾಸುಗಳಲ್ಲಿ ಗೆದ್ದವನು ಮನೆಯಲ್ಲಿ ಹುಟ್ಟಿದ ಕರುಗಳಿಂದಲೇ ನಾಲ್ಕಕ್ಕೆ ಏರಬಲ್ಲನು.